ಹಸಿರು ಬಂದ ಟ್ರಿಪ್ಪು

ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಓಡುವ ಖಾಸಗಿ ಬಸ್ಸುಗಳ ಆಫೀಸಿನಲ್ಲಿ ನನ್ನ ಕೆಲಸ. ಸಿಬ್ಬಂದಿಯ ಹಾಜರಿ ಒಂದು ಸಾಫ್ಟ್‌ವೇರಿನಲ್ಲಿ, ಟಿಕೆಟ್ ಕಲೆಕ್ಷನ್ನು ಇನ್ನೊಂದರಲ್ಲಿ ಇತ್ತು. ಎರಡನ್ನೂ ಸೇರಿಸಿ ಒಂದೇ ರಿಪೋರ್ಟು ಬರುವಂತೆ ಮಾಡಲು ಹೇಳಿದ ಮಾಲೀಕರು ಗುರಿಯನ್ನೂ ಹೇಳಿದ್ದರು: "ಜನ ಬೇರೆ ಬಸ್ ಬಿಟ್ಟು ನಮ್ ಬಸ್ಸಿಗೇ ಕಾಯ್ಬೇಕು ಮಾರಾಯ. ಅಷ್ಟಾದ್ರೆ ಸಾಕು."

ಜನ ಕಾಯುತ್ತಾರೋ ಇಲ್ಲವೋ ಎಂದು ಅಳೆಯುವುದು ಹೇಗೆ? ನನಗೆ ತಿಳಿಯಲಿಲ್ಲ. ತಡವನ್ನು ಅಳೆಯುವುದು ಸುಲಭವಿತ್ತು, ಅಳೆದೆ. ಹೊತ್ತಿಗೆ ಸರಿಯಾಗಿ ಮುಟ್ಟಿದ ಟ್ರಿಪ್ಪು ಹಸಿರು, ತಡವಾದದ್ದು ಕೆಂಪು. ಕೆಂಪು ಹೆಚ್ಚಾದ ಕಂಡಕ್ಟರಿಗೆ ಆ ತಿಂಗಳ ಇನ್ಸೆಂಟಿವ್ ಇಲ್ಲ. ನಮ್ಮ ಕಡೆ ಬಸ್ಸು ದಿನಾ ಬರುವ ಗಿರಾಕಿಗಳಿಗೆ ಕಾಯುತ್ತದೆ. ಅವರಿನ್ನೂ ಕಾಣದಿದ್ದರೆ ಡ್ರೈವರು ಹಾರ್ನ್ ಹೊಡೆಯುತ್ತಾನೆ, ಕಂಡೊಡನೆ ಒಳಗಿದ್ದವರೆಲ್ಲ "ಬಂದ್ರು, ಬಂದ್ರು" ಎನ್ನುತ್ತಾರೆ. ಹುಟ್ಟಿದಾಗಿನಿಂದ ಇದನ್ನು ನೋಡಿದವನು ನಾನು. ಆದರೂ ರಿಪೋರ್ಟಿನಲ್ಲಿ ಅದಕ್ಕೆ ಜಾಗ ಇಡಲಿಲ್ಲ. ನನ್ನ ಬುದ್ಧಿ ಹುಲ್ಲು ಮೇಯಲು ಹೋಗಿತ್ತು.

ಆಮೇಲೊಂದು ಬೆಳಿಗ್ಗೆ ತೀರ್ಥಹಳ್ಳಿ ಆಫೀಸಿಗೆ ನಾನೇ ಹೊರಟೆ. ಸಾಗರದ ಹೋಟೆಲಿನಲ್ಲಿ ಎರಡನೇ ಕಾಫಿ ಹೇಳಿ ಆರಾಮಾಗಿ ಕೂತಿದ್ದೆ. ಆಫೀಸಿನವನೆಂದು ಬಸ್ಸು ನನಗಾಗಿ ನಿಂತಿತ್ತು. ಹೊಸನಗರ ದಾಟಿದ ಮೇಲೆ ಒಂದು ತಿರುವಿನಲ್ಲಿ ಹೆಂಗಸೊಬ್ಬರು ಟಿಫಿನ್ ಬಾಕ್ಸ್ ಹಿಡಿದು, ಕೈ ಎತ್ತಿ, ಕಾಲುದಾರಿಯಲ್ಲಿ ಓಡೋಡಿ ಇಳಿಯುತ್ತಿದ್ದರು. ಡ್ರೈವರು ನಿಧಾನ ಮಾಡಿದ. ಕಂಡಕ್ಟರ್ ನನ್ನ ಮುಖ ನೋಡಿದ.

"ತೀರ್ಥಹಳ್ಳಿ ಆಸ್ಪತ್ರೇಲಿ ಆಯಾ ಸಾರ್, ದಿನಾ ಬರೋರು. ತಡ ಆದ್ರೆ ಅರ್ಧ ದಿನದ ಸಂಬಳ ಮುರೀತಾರಂತೆ. ಆದ್ರೆ ನಿಮಗೆ ಕಾದಿದ್ದಕ್ಕೇ ಲೇಟಾಗಿದೆ. ನಿಲ್ಸ್ಲಾ?"

ನಿಲ್ಲಿಸು ಎಂದರೆ ನನ್ನ ರಿಪೋರ್ಟಿನ ನಿಯಮವನ್ನು ನಾನೇ ಮುರಿದಂತೆ. ಮೊಬೈಲಿನಲ್ಲಿ ಏನೋ ಹುಡುಕುವವನ ಹಾಗೆ ತಲೆ ಬಗ್ಗಿಸಿದೆ. ಅವನು "ರೈಟ್" ಎಂದ. "ಬಂದ್ರು" ಎಂದು ಯಾರೂ ಅನ್ನಲಿಲ್ಲ, ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಆ ಟ್ರಿಪ್ಪು ಹಸಿರು ಬಂತು. ಮಾಲೀಕರು ಫೋನ್ ಮಾಡಿ ಶಹಬ್ಬಾಸ್ ಎಂದರು. ನನಗೆ ನಾಚಿಕೆಯಿಂದ ಮೈಯೆಲ್ಲ ಹಿಡಿಯಾಯಿತು. ನಾನು ಕಾಫಿ ಕುಡಿದು ಕಳೆದ ಹೊತ್ತನ್ನು ಆಕೆಯಿಂದ ಕಿತ್ತುಕೊಂಡಿದ್ದೆ.

ಮರುದಿನ ಮಾಲೀಕರ ಹತ್ತಿರ ಎಲ್ಲ ಹೇಳಿದೆ. ಚೆನ್ನಾಗಿ ಬೈದರು, ಬದಲಾಯಿಸು ಎಂದರು. ಈಗ ಪ್ರಯಾಣಿಕರಿಗೆ ಕಾದ ಹೊತ್ತು ತಡದ ಲೆಕ್ಕಕ್ಕೆ ಬರುವುದಿಲ್ಲ. ದಿನಾ ಬರುವ ಗಿರಾಕಿಗಳು ಉಳಿದರೋ ಬಿಟ್ಟರೋ ಎಂಬುದನ್ನೇ ರಿಪೋರ್ಟು ಮೊದಲು ತೋರಿಸುತ್ತದೆ.

ಮೊನ್ನೆ ಅದೇ ಬಸ್ಸಿನಲ್ಲಿ ಹೋದೆ. ಆಕೆ ತಿರುವಿನಲ್ಲಿ ನಿಂತಿದ್ದರು. ಕೈ ಎತ್ತಲಿಲ್ಲ. ನಾನೇ ನಿಲ್ಲಿಸಲು ಹೇಳಿದೆ.

"ಬನ್ನಿ ಅಕ್ಕಾ," ಎಂದ ಕಂಡಕ್ಟರ್.

"ಬ್ಯಾಡ, ಡ್ಯೂಟಿ ಟೈಮೇ ಬದಲಾಯ್ಸ್ಕೊಂಡೆ. ಹಿಂದೆ ಬರೋ ಬೇರೆ ಕಂಪನಿ ಬಸ್ಸಿನವ್ರು ನಂಗೆ ಕಾಯ್ತಾರೆ," ಎಂದರು ಆಕೆ. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. "ನೀವು ಹೋಗಿ, ನಿಮಗೆ ಲೇಟಾಗ್ತದೆ."

ಹೊತ್ತಿಗೆ ಸರಿಯಾಗಿ ತೀರ್ಥಹಳ್ಳಿ ಮುಟ್ಟಿದೆವು.