ಬಿಸಿಯಿಲ್ಲದ ಬೆಳಕು

ಹಳೇ ಹುಬ್ಬಳ್ಳಿಯ ಆ ಓಣಿಯಲ್ಲಿ ಬಾಣಂತಿಗೆ ಜವಾರಿ ತತ್ತಿ ಬೇಕೆಂದರೆ ಮೈಮುನಾಳ ಬಾಗಿಲಿಗೇ ಬರಬೇಕಿತ್ತು. ಅವಳು ಮದುವೆಯಾಗಿ ಬರುವಾಗ ತಾಯಿ ಬುಟ್ಟಿಯಲ್ಲಿಟ್ಟು ಕಳಿಸಿದ ಬೂದು ಹೇಂಟೆಯ ಸಂತಾನ ಅವಳ ಕೋಳಿಗಳು. ಗಂಡ ತೀರಿಕೊಂಡ ಮೇಲೆ ಅವಳ ಹೊಟ್ಟೆ ನಡೆದದ್ದೂ ಆ ಕೋಳಿಗಳಿಂದಲೇ. ಆದರೆ ಹೋದ ತಿಂಗಳು ಬಂದ ರೋಗ ಗೂಡನ್ನೇ ಬರಿದು ಮಾಡಿತು. ಒಳಕೋಣೆಯಲ್ಲಿ ಕಾವಿಗೆ ಕೂತಿದ್ದ ಒಂದು ಹೇಂಟೆ ಮಾತ್ರ ಉಳಿಯಿತು. ಮರಿಗಳು ಹೊರಬಂದು ವಾರ ತುಂಬುವ ಮೊದಲೇ ಅದನ್ನೂ ಬೀದಿನಾಯಿ ಹೊತ್ತೊಯ್ದಿತು.

ಈಗ ತವರಿನ ತಳಿ ಅಂತ ಉಳಿದದ್ದು ರಟ್ಟಿನ ಡಬ್ಬಿಯಲ್ಲಿ ಚಿಂವ್‌ಗುಡುವ ಮರಿಗಳಷ್ಟೇ. ತಾಯಿಯ ರೆಕ್ಕೆಯ ಬದಲು ಅವುಗಳ ತಲೆಯ ಮೇಲೆ ಒಂದು ಹಳದಿ ಬಲ್ಬು ತೂಗುತ್ತಿತ್ತು.

ಆ ಬಲ್ಬನ್ನೇ ಅವಳ ತಮ್ಮನ ಮಗ ವಸೀಮ ಬಿಚ್ಚಿಹಾಕಿದ. ಅತ್ತೆಯ ಮೇಲಿನ ಅಕ್ಕರೆಯಿಂದಲೇ. ನಿನ್ನೆ ಸಂಜೆ ಬಂದವನು ಮನೆಯ ಬಲ್ಬುಗಳನ್ನೆಲ್ಲ ತೆಗೆದು ಎಲ್‌ಇಡಿ ಹಾಕಿ, ಹಳೆಯವನ್ನು ಒಡೆದು ಕಸಕ್ಕೆ ಸುರಿದು, ಇನ್ನು ಕರೆಂಟು ಉಳಿಯಿತು ನೋಡು ಎಂದು ಹೇಳಿ ಹೋದ. ಡಬ್ಬಿಯೊಳಗೆ ಹಾಲು ಚೆಲ್ಲಿದಂಥ ಬೆಳಕು ಬಿದ್ದಾಗ ಮೈಮುನಾಳಿಗೂ ಖುಷಿಯಾಗಿತ್ತು. ಬೆಳಕೇ ಇಷ್ಟಿದ್ದರೆ ಬಿಸಿ ಇನ್ನೆಷ್ಟಿರಬೇಡ!

ಬೆಳಿಗ್ಗೆ ನೋಡಿದರೆ ಮರಿಗಳೆಲ್ಲ ಮೂಲೆಯಲ್ಲಿ ಒಂದರ ಮೇಲೊಂದು ಗುಡ್ಡೆಯಾಗಿದ್ದವು. ಮೇಲಿನವನ್ನು ಎತ್ತಿದಳು. ಕೆಳಗಿನವು ಚಪ್ಪಟೆಯಾಗಿ ತಣ್ಣಗಾಗಿದ್ದವು.

ರೋಗವೇ ಮತ್ತೆ ಬಂತು ಅಂದುಕೊಂಡಳು. ಬೆಳ್ಳುಳ್ಳಿ, ಅರಿಸಿನ ಅರೆದು ಉಳಿದವುಗಳ ಕೊಕ್ಕಿಗೆ ಹನಿ ಹನಿ ಬಿಟ್ಟಳು. ಅಂಗೈಯಲ್ಲಿದ್ದ ಮರಿಯೊಂದು ಕತ್ತು ಹೊರಳಿಸಿಬಿಟ್ಟಿತು. ಅವಸರದಲ್ಲಿ ಬಲ್ಬನ್ನು ಇನ್ನೂ ಕೆಳಗಿಳಿಸಲು ಹೋದಾಗ ಬೆರಳು ತಾಗಿ, ರೂಢಿಯಂತೆ ಥಟ್ಟನೆ ಕೈ ಹಿಂದೆಗೆದಳು. ಆಮೇಲೆ ಮತ್ತೆ ಮುಟ್ಟಿದಳು. ಮುಷ್ಟಿಯಲ್ಲಿ ಹಿಡಿದಳು. ಹಿಡಿದೇ ಇದ್ದಳು. ಸುಡಲಿಲ್ಲ.

ಮರಿಗಳನ್ನು ಕೊಂದದ್ದು ರೋಗವಲ್ಲ, ಚಳಿ. ಗ್ಯಾಸ್ ಹೊತ್ತಿಸಿ, ನೀರು ಕಾಸಿ, ಬಾಟಲಿಗೆ ತುಂಬಿ ಬಟ್ಟೆ ಸುತ್ತಿ ಡಬ್ಬಿಯಲ್ಲಿಟ್ಟಳು. ಮರಿಗಳು ಅದಕ್ಕೆ ಅಂಟಿಕೊಂಡವು. ಎರಡನೇ ಪಾತ್ರೆ ಇಡುವಷ್ಟರಲ್ಲಿ ಉರಿ ನೀಲಿಯಾಗಿ ಕುಗ್ಗಿ, ಪುಸ್ಸೆಂದು ಆರಿತು. ಸಿಲಿಂಡರ್ ಖಾಲಿ. ತಲೆಯ ಮೇಲೆ ಸೆರಗೆಳೆದುಕೊಂಡು ಮೂಲೆಯ ಲೈಟಿನ ಅಂಗಡಿಗೆ ಓಡಿದಳು.

"ರಾಜಶೇಖರಣ್ಣಾ, ಹಳೇ ನಮೂನಿ ಬಲ್ಬ್ ಒಂದ ಕೊಡ್ರಿ. ಲಗೂ ಕೊಡ್ರಿ."

"ಯಾವ ಜಮಾನದಾಗ ಅದೀರಿ ಅಕ್ಕಾರ?" ಅಂಗಡಿಯವನು ನಕ್ಕ. "ಅದನ್ನ ಮಾರೂದ ಬಿಟ್ಟ ವರ್ಷಗಟ್ಲೆ ಆತು. ಅದು ತಿನ್ನೂ ಕರೆಂಟ್‌ನಾಗ ಬೆಳಕ ಆಗೂದು ಚೂರ, ಉಳದದ್ದೆಲ್ಲಾ ಬಿಸಿ ಆಗಿ ವೇಸ್ಟ್."

"ನನಗ ಆ ವೇಸ್ಟೇ ಬೇಕಾಗೇತ್ರಿ! ಮರಿ ಸಾಯಾಕತ್ತಾವ!"

ಅವನ ನಗು ಅಲ್ಲೇ ನಿಂತಿತು. ಮಾಳಿಗೆ ಹತ್ತಿ ತಡಕಾಡಿದ. ಇನ್ನೊಂದು ಅಂಗಡಿಗೆ ಫೋನು ಮಾಡಿದ. ಕೊನೆಗೆ ಕೈ ಝಾಡಿಸಿದ. "ಇಲ್ರಿ ಅಕ್ಕಾ. ಬಿಸಿ ಏನ ಸುಮ್ಮ ಹುಟ್ಟತೈತೇನ್ರಿ? ಎಲ್ಲೆರ ಏನರ ಉರೀಲೇಬೇಕು. ಉರಿಯೂ ಒಲಿ ಹುಡುಕ್ರಿ."

ಉರಿಯುವ ಒಲೆ ಎದುರು ಮನೆಯಲ್ಲೇ ಇತ್ತು. ಕಾಳವ್ವ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡುವವಳು. ಮಡಿ-ಮೈಲಿಗೆಯ ಹೆಂಗಸು, ಕೋಳಿಯೆಂದರೆ ಮಾರು ದೂರ. ಇಬ್ಬರಿಗೂ ಮಾತು ಬಿಟ್ಟು ವರ್ಷವಾಗಿತ್ತು. ಮೈಮುನಾ ಹೊಸ್ತಿಲಾಚೆಯೇ ನಿಂತಳು.

"ಕಾಳವ್ವಕ್ಕಾ, ನಿಮ್ಮ ಒಲಿಯಾಗ ಎರಡ ಇಟ್ಟಂಗಿ ಕಾಸ್ಕೊಳ್ಳಲೇನ್ರಿ?"

ಬಡಿಯುವ ಕೈ ನಿಲ್ಲಲಿಲ್ಲ. "ನಿನ್ನ ಕೋಳಿ ನನ್ನ ಹಿಟ್ಟಿಗೆ ಬಾಯಿ ಹಾಕಿದಾಗ ಏನಂದಿ? ಹಿಟ್ಟ ಮುಚ್ಚಿಡಾಕ ಬರಂಗಿಲ್ಲೇನು ಅಂದಿ. ಈಗ ಒಲಿ ನೆನಪಾತು?"

"ಅಂದಿದ್ದೆ. ಕಾಲ ಬೀಳ್ತೇನ್ರಿ." ಮೈಮುನಾ ಸೆರಗು ಸರಿಸಿದಳು. ಎದೆಗೆ ಅವಚಿಕೊಂಡಿದ್ದ ಮರಿ ಕಣ್ಣು ಮುಚ್ಚಿ ನಡುಗುತ್ತಿತ್ತು.

ಸದ್ದು ನಿಂತಿತು. ಕಾಳವ್ವ ಹಿಟ್ಟಿನ ಕೈ ಒರೆಸಿಕೊಂಡಳು. "ಶಿವನ! ತಾಯಿ ಇಲ್ಲದ್ದು... ಅದನ್ನ ಒಳಗ ತರಬ್ಯಾಡ. ಇಟ್ಟಂಗಿ ತಾ."

ಆಗಿನಿಂದ ಮಧ್ಯಾಹ್ನದವರೆಗೆ ಓಣಿ ದಾಟಿದ್ದೇ ದಾಟಿದ್ದು. ಕಾದ ಇಟ್ಟಿಗೆಗೆ ಗೋಣಿ ಸುತ್ತಿ ಒಯ್ಯುವುದು, ತಣ್ಣಗಾದದ್ದನ್ನು ಮರಳಿ ಒಲೆಗೆ ತರುವುದು. ಆದರೂ ಸಾವು ನಿಲ್ಲಲಿಲ್ಲ. ಪ್ರತಿ ಸಲ ಡಬ್ಬಿಗೆ ಬಗ್ಗಿದಾಗ ತಣ್ಣಗಾದ ಮರಿಯೊಂದನ್ನು ಎತ್ತಿ ಹೊರಗಿಡುತ್ತಿದ್ದಳು. ಕೊನೆಗೆ ಐದು ಉಳಿದವು.

ಅಷ್ಟರಲ್ಲಿ ರೊಟ್ಟಿಯ ಕೆಲಸ ಮುಗಿಯಿತು. ಇನ್ನು ಒಲೆ ಆರುತ್ತದೆ. ಮೈಮುನಾ ತಣ್ಣನೆಯ ಇಟ್ಟಿಗೆ ಹಿಡಿದು, ಕಾಳವ್ವನ ಮುಖ ನೋಡುತ್ತ ನಿಂತಳು.

"ಮಾರಿ ಏನ್ ನೋಡ್ತಿ?" ಕಾಳವ್ವ ಮೂಗಿಗೆ ಸೆರಗು ಹಿಡಿದಳು. "ಒಲಿ ಹಿಂದಿನ ಗ್ವಾಡಿ ಸಂಜಿತನಕ ಬೆಚ್ಚಗ ಇರ್ತೈತಿ. ಡಬ್ಬಿ ತಂದ ಅಲ್ಲಿಡು. ನಾಳೆ ಸಾರಿಸಿದ್ರಾತು."

ಡಬ್ಬಿ ಗೋಡೆಗಾತು ಕೂತಿತು. ಬಹಳ ಹೊತ್ತಾದ ಮೇಲೆ ಮರಿಯೊಂದು ಗುಂಪು ಬಿಟ್ಟು ಸರಿದು, ಕಾಲು ಚಾಚಿ, ಡಬ್ಬಿಯೊಳಗೆ ಉದುರಿದ್ದ ಜೋಳದ ಹಿಟ್ಟನ್ನು ಕುಕ್ಕಿತು.

"ಅದರಾಗ ಹ್ಯಾಟಿ ಎಷ್ಟು?" ಕಾಳವ್ವ ದೂರದಿಂದಲೇ ಕೇಳಿದಳು.

"ಈಗ ಗೊತ್ತಾಗಂಗಿಲ್ರಿ. ಎರಡ ತಿಂಗಳ ಆಗಬೇಕು."

"ಎಲ್ಲಾ ಹುಂಜನ ಆದ್ರ?"

ಮೈಮುನಾ ಗೋಡೆಗೆ ಅಂಗೈ ಒತ್ತಿ ನೋಡಿದಳು. ಬಿಸಿ ಇಳಿಯತೊಡಗಿತ್ತು.

"ಇನ್ನೊಂದ ಕಟ್ಟಿಗಿ ಹಾಕ್ಲೇನ್ರಿ?"

"ಹಾಕು."