ವಸಂತಿ ಅಕ್ಕೋರ ಐದು ಹುಣಸೆಬೀಜ

ಐದು ಅಂದರೆ ಎಷ್ಟು ಅಂತ ದೊಡ್ಡವರಿಗೆ ಹೇಳಿಕೊಟ್ಟೇ ವಸಂತಿ ಅಕ್ಕೋರು ಮೂವತ್ತು ವರ್ಷ ಸಂಬಳ ತಗೊಂಡಿದ್ದಾರೆ. ಇದನ್ನು ಅವರೇ ಹೇಳಿಕೊಂಡು ನಗುತ್ತಾರೆ. ವಿಜಯಪುರದಿಂದ ಮದುವೆಯಾಗಿ ಮುಂಬಯಿಯ ಘಾಟ್ಕೋಪರಿಗೆ ಬಂದವರು ಬಾಲವಾಡಿ ಟೀಚರುಗಳಿಗೆ ತರಬೇತಿ ಕೊಡುವ ಕೆಲಸ ಹಿಡಿದರು, ಅಂದಿನಿಂದ ಅದೇ ಹುಚ್ಚು. ಮಗು ನೂರರವರೆಗೆ ಗಿಳಿ ಹಾಗೆ ಒಪ್ಪಿಸಿದರೆ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ಅಕ್ಕೋರಿಗೆ ಮಾತ್ರ ಮೈ ಉರಿಯುತ್ತದೆ.

"ಒಪ್ಪಿಸೂದು ಬ್ಯಾರೆ, ಎಣಸೂದು ಬ್ಯಾರೆ. ಐದು ಕೊಡು ಅಂದ್ರ ಐದ ಕೊಡಬೇಕು" ಅನ್ನುತ್ತಾರೆ. ಮದುವೆ ಊಟದಲ್ಲೂ ಪಕ್ಕದ ಎಲೆಯ ಮಗುವಿನ ಮುಂದೆ ಬೂಂದಿ ಕಾಳು ಹರಡಿ ಪರೀಕ್ಷೆ ಶುರು. ಈಗೀಗ ಅಕ್ಕೋರು ಬರುವುದು ಕಂಡರೆ ನೆಂಟರು ಮಕ್ಕಳನ್ನು ಎತ್ತಿಕೊಂಡು ಆಚೆ ಪಂಕ್ತಿಗೆ ಹೋಗುತ್ತಾರೆ.

ಆ ಸೋಮವಾರ ಬೆಳಿಗ್ಗೆ ಗಂಡ ಸಿದ್ದರಾಮಪ್ಪ ಅಕ್ಕಿ ಡಬ್ಬಿ ಬೋರಲು ಹಾಕಿ ತಟ್ಟುತ್ತಿದ್ದರು.

"ರೀ, ತಳಾ ಕಾಣೂಹಂಗ ತಗೀಬ್ಯಾಡ್ರಿ. ಒಂದು ಮುಷ್ಟಿ ಇರಲಿ."

"ಗಣಿತದಾಕಿಗೆ ಇದೆಂಥಾ ಲೆಕ್ಕ?"

"ಲೆಕ್ಕ ಅಲ್ಲ, ರೀತಿ" ಅಂದು ಅಕ್ಕೋರು ಬ್ಯಾಗು ಹೆಗಲಿಗೇರಿಸಿ ಹೊರಟರು.

ಮಕ್ಕಳ ಪರೀಕ್ಷೆಗೆ ಹೋಗಬೇಕಾದದ್ದು ಕುರ್ಲಾಕ್ಕೆ. ಅಲ್ಲಿ ಒಂದು ಚಾಳಿನ ಒಂದೇ ಕೋಣೆಯ ಖೋಲಿಯಲ್ಲಿ ಸುಂದ್ರವ್ವ ಹದಿನಾಲ್ಕು ವರ್ಷದಿಂದ ಬಾಲವಾಡಿ ನಡೆಸುತ್ತಿದ್ದಾಳೆ. ಕಲಿಕೆ ಸಾಲದು ಅಂತ ಅಕ್ಕೋರ ವರದಿ ಬಂದರೆ, ಇಬ್ಬರಿಗೂ ಸಂಬಳ ಕೊಡುವ ಸಂಸ್ಥೆಯವರು ಆ ಖೋಲಿ ಮುಚ್ಚಿ, ಮಕ್ಕಳನ್ನು ಹಳಿಯಾಚೆಯ ದೊಡ್ಡ ಕೇಂದ್ರಕ್ಕೆ ಹಾಕುವವರಿದ್ದರು. ಕೆಲಸಕ್ಕೆ ಓಡುವ ತಾಯಂದಿರು ಅಷ್ಟು ದೂರ ಬಿಟ್ಟು ಬರುವುದಿಲ್ಲ, ಮಕ್ಕಳು ಮನೆಯಲ್ಲೇ ಉಳಿಯುತ್ತವೆ. ಅಕ್ಕೋರಿಗೆ ಇದು ಚೆನ್ನಾಗಿ ಗೊತ್ತಿತ್ತು.

ಲೋಕಲ್‌ನ ನೂಕುನುಗ್ಗಲಲ್ಲಿ ಬ್ಯಾಗು ಬಾಯಿಬಿಟ್ಟು, ಪರೀಕ್ಷೆಗೆಂದು ಇಟ್ಟ ಬೀಜದ ಚೀಲ ಹರಿದು ನೆಲಕ್ಕೆ ಚೆಲ್ಲಿತು. ಅರವತ್ತರ ಹತ್ತಿರದ ಹೆಂಗಸು ಲೇಡೀಸ್ ಡಬ್ಬದಲ್ಲಿ ಮಂಡಿಯೂರಿ ನೆಲ ತಡಕಾಡುವುದನ್ನು ಕಂಡು ತಾಳಿಯೇ ಬಿತ್ತೇನೋ ಅಂತ ಯಾರೋ "ಮಂಗಲಸೂತ್ರ ಗಿರಾ ಕ್ಯಾ?" ಅಂದರು. ಹುಣಸೆಬೀಜ ಅಂದದ್ದೇ ಎಲ್ಲರೂ ಕಾಲು ಎತ್ತಿಕೊಂಡು ನಕ್ಕರು. ಕೈಗೆ ಸಿಕ್ಕದ್ದು ಐದೇ ಐದು. ಊಟವಾದ ಮೇಲೆ ಬಾಯಿಗೆ ಹಾಕುವ ಬಡೇಸೋಪಿನ ಪುಟ್ಟ ಸ್ಟೀಲ್ ಡಬ್ಬಿ ಖಾಲಿ ಮಾಡಿ ಅದರಲ್ಲಿ ಹಾಕಿಕೊಂಡರು.

ಕೇಳುವುದಕ್ಕಿಂತ ಹೆಚ್ಚು ಬೀಜ ಮಗುವಿನ ಮುಂದಿರಬೇಕು ಅಂತ ತರಬೇತಿಯಲ್ಲಿ ನೂರು ಸಲ ಹೇಳಿದವರು ಇವರೇ. ಖೋಲಿಗೆ ಬಂದು ನಡೆದದ್ದು ಹೇಳಿದರೆ ಸುಂದ್ರವ್ವ ಪಾಪ, ಬಾಟಲಿ ಮುಚ್ಚಳದ ಡಬ್ಬ ತಂದು ಮುಂದಿಟ್ಟಳು. "ಬ್ಯಾಡವ್ವ, ಬಣ್ಣ ಬ್ಯಾರೆ ಬ್ಯಾರೆ ಅದಾವ, ಮಗು ಬಣ್ಣ ನೋಡತದ. ಇಷ್ಟರಾಗ ಮುಗಸೂಣು" ಅಂದುಬಿಟ್ಟರು ಅಕ್ಕೋರು. ಪಂಡಿತರ ಗತ್ತು ನೋಡಿ.

ಮೊದಲು ಬಂದವಳು ಶೀತಲ, ನಾಲ್ಕೂವರೆ ವರ್ಷದವಳು. ಡಬ್ಬಿಯಿಂದ ಐದು ಕೊಡು ಅಂದರೆ ಒಂದೊಂದೇ ಎತ್ತಿ ನಾಲ್ಕು ಕೊಟ್ಟು ಕೈ ಕಟ್ಟಿ ನಿಂತಳು. ಮತ್ತೆ ಕೇಳಿದರು, ಮತ್ತೆ ನಾಲ್ಕು. ಆಮೇಲಿನ ಇಬ್ಬರು ಹುಡುಗಿಯರೂ ಹಾಗೇ ಮಾಡಿದರು. ಸುಂದ್ರವ್ವ ಸೆರಗಿನ ತುದಿ ಸುತ್ತುತ್ತ ನೆಲ ನೋಡಿದಳು. ಅಕ್ಕೋರು ವರದಿಯ ಫಾರ್ಮು ಬಿಡಿಸಿದರು. ಫಾರ್ಮು ಅಂದರೆ ಫಾರ್ಮೇ. ಅದರಲ್ಲಿ ಹೌದು, ಇಲ್ಲ ಎರಡೇ ಖಾನೆ. ಪೆನ್ನು 'ಇಲ್ಲ'ದ ಹತ್ತಿರ ಹೋಯಿತು.

ಮೂವರೂ ಒಂದೇ ಥರ ತಪ್ಪಿದ್ದು ಯಾಕೋ ಸರಿ ಕಾಣಲಿಲ್ಲ. ಶೀತಲಳನ್ನು ಹತ್ತಿರ ಕರೆದರು.

"ಒಂದ್ ಯಾಕ ಬಿಟ್ಟಿ, ನನ ಕೂಸ?"

ಇಷ್ಟೂ ಗೊತ್ತಿಲ್ಲವಾ ಅನ್ನುವ ಹಾಗೆ ಹುಡುಗಿ ನೋಡಿದಳು. "ಪಾಚ್ ಕೊಟ್ರ ಡಬ್ಬಿ ಖಾಲಿ ಆಗ್ತದ. ಡಬ್ಬಿ ಪೂರಾ ಖಾಲಿ ನಹೀ ಕರ್ನೇಕಾ, ಮಾಡಬಾರ್ದು. ಆಯಿ ಬಯ್ತಾಳ."

ಅಕ್ಕೋರಿಗೆ ಸಿದ್ದರಾಮಪ್ಪನವರ ಕೈಯಲ್ಲಿನ ಅಕ್ಕಿ ಡಬ್ಬಿ ನೆನಪಾಯಿತು. ಈ ಚಾಳಿನವರೆಲ್ಲ ತಮ್ಮ ಊರ ಕಡೆಯವರೇ, ತಮ್ಮ ಮನೆಯ ರೀತಿಯವರೇ. ಐದು ಇದೆ ಅಂತ ತಿಳಿದೇ ಮಕ್ಕಳು ನಾಲ್ಕು ಕೊಟ್ಟಿದ್ದವು. ಯಾಕೆ ಅಂತ ಕೇಳುವ ಖಾನೆ ಫಾರ್ಮಿನಲ್ಲಿ ಇರಲಿಲ್ಲ. ಆ ಫಾರ್ಮು ಮಾಡಿದ್ದು ಯಾರು ಅಂದರೆ, ಅದೂ ಇವರೇ.

ಪೆನ್ನಿನ ಮುಚ್ಚಳ ತೆಗೆದು ಬೀಜಗಳ ಜೊತೆ ಡಬ್ಬಿಗೆ ಹಾಕಿದರು. "ಈಗ ಐದು ಬೀಜ ಕೊಡವ್ವ."

ಶೀತಲ ಒಂದೊಂದೇ ಎತ್ತಿ ಐದೂ ಅಂಗೈಗೆ ಇಟ್ಟಳು. ಮುಚ್ಚಳ ಡಬ್ಬಿಯಲ್ಲೇ ಉಳಿಯಿತು. ಉಳಿದಿಬ್ಬರೂ ಐದೈದು ಕೊಟ್ಟರು. ಸುಂದ್ರವ್ವ ಗೋಡೆಗೆ ತಿರುಗಿ ಮೂಗು ಒರೆಸಿಕೊಂಡಳು.

"ಖೋಲಿ ಇರ್ತದೇನ್ರಿ, ಅಕ್ಕೋರ?"

"ಇರ್ತದ, ಸುಂದ್ರವ್ವ. ನಾ ಈ ಕೆಲಸದಾಗ ಇರಬೇಕೋ ಬ್ಯಾಡೋ ಅನ್ನೂದ ನೋಡಬೇಕು" ಅಂದು ಅಕ್ಕೋರು ಮೂರೂ ಮಕ್ಕಳಿಗೆ 'ಹೌದು' ಬರೆದರು. ಕೆಳಗೆ ಅಭಿಪ್ರಾಯದ ಜಾಗದಲ್ಲಿ ದುಂಡಗೆ ಬರೆದು ಸಹಿ ಹಾಕಿದರು: ಮಕ್ಕಳಿಗೆ ಲೆಕ್ಕ ಬರುತ್ತದೆ. ಪರೀಕ್ಷೆ ತೆಗೆದುಕೊಂಡವರಿಗೆ ಇನ್ನಷ್ಟು ತರಬೇತಿ ಬೇಕು.