ನೀಲಿ ಕಾಣದ ಗೋಡೆ

ಇದನ್ನು ಹೇಳುವುದನ್ನು ಮುಂದೂಡುತ್ತಲೇ ಬಂದೆ — ಮೊಮ್ಮಗಳ ನಾಮಕರಣ ಮುಗಿಯಲಿ, ಕಣ್ಣಿನ ಆಪರೇಷನ್ ಆಗಲಿ, ಮಳೆಗಾಲ ಕಳೆಯಲಿ ಎಂದು. ಈಗ ಯಾವ ನೆಪವೂ ಉಳಿದಿಲ್ಲ. ಪಕ್ಕದ ಮನೆಯ ಗೋಡೆಯನ್ನು ಹಾಳು ಮಾಡಿದ್ದು ನಮ್ಮ ಬಚ್ಚಲ ನೀರು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಾಲ್ಕು ಜನರ ಮುಂದೆ ಮೋಸ ಮಾಡಿ ಗೆದ್ದೆ.

ಅಜ್ಜಂಪುರದಲ್ಲಿ ನಮ್ಮ ಮನೆಗೂ ಆ ಮನೆಗೂ ನಡುವೆ ಒಬ್ಬರು ಓರೆಯಾಗಿ ನಡೆಯುವಷ್ಟು ಸಂದು. ನಮ್ಮ ಬಚ್ಚಲ ನೀರು ಆ ಸಂದಿನ ಮೋರಿಯಲ್ಲಿ ಹರಿದು ಬೀದಿಯ ಚರಂಡಿ ಸೇರಬೇಕು. ಹಳೆಯ ಕಲ್ಲು ಕೀಳಿಸಿ ಸಿಮೆಂಟಿನ ಮೋರಿ ಹಾಕಿಸಿದವನು ನಾನೇ. ವರ್ಷ ತುಂಬುವುದರೊಳಗೆ ನಡುವಿನ ಜಾಯಿಂಟ್ ಬಿಟ್ಟಿತು, ಅದೂ ಆ ಮನೆಯ ಕಡೆಗೆ. ಒಂದು ಕೊಡ ಸುರಿದರೆ ಅರ್ಧ ಅಲ್ಲೇ ಇಂಗಿ ಅವರ ಮಣ್ಣಿನ ಗೋಡೆಯ ಬುಡಕ್ಕೆ ಇಳಿಯುತ್ತಿತ್ತು. ನೋಡಿದೆ. ನೋಡಿ, ಮೇಲೆ ಚಪ್ಪಡಿ ಎಳೆದೆ.

ಆ ಮನೆಯಲ್ಲಿದ್ದದ್ದು ಗಂಡ ಸತ್ತ ಒಂಟಿ ಹೆಂಗಸು. ನಾಲಗೆ ಬಲು ಹರಿತ. ಗೋಡೆಯ ಒಳಬದಿಗೆ ಅವಳು ಪೂಜೆಯ ಸಾಮಾನಿಡುವ ಗೂಡಿತ್ತು. ಸುಣ್ಣ ಉದುರಿ, ಬೂಷ್ಟು ಹಿಡಿದು, ವಿಭೂತಿ ಗಟ್ಟಿ ಕೂಡ ತೇವ ಕುಡಿದು ಪುಡಿಯಾಗುತ್ತಿತ್ತಂತೆ. ನನ್ನ ಮಗಳನ್ನು ನೋಡಲು ತರೀಕೆರೆಯಿಂದ ಗಂಡಿನ ಕಡೆಯವರು ಬಂದು ಕೂತಿದ್ದ ದಿನವೇ ಅವಳು ಬಾಗಿಲಿಗೆ ಬಂದು ನಿಂತಳು.

"ನೀವು ಮೈ ತೊಳ್ಕಂಡ ನೀರು ನಮ್ ದೇವರ ಗೂಡಿಗೆ ಬತ್ತೈತೆ ಕಣ್ರೀ. ಬಂದೋರಿಗೂ ತೋರ್ಸ್ಲೇನು?"

ಬಂದವರು ಕಾಫಿ ಲೋಟ ಕೆಳಗಿಟ್ಟು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಸಂಬಂಧವೇನೂ ಮುರಿಯಲಿಲ್ಲ, ಮಗಳು ಸುಖವಾಗಿದ್ದಾಳೆ. ಆದರೂ ನಾನು ಆ ಲೋಟದ ಸದ್ದನ್ನು ಎರಡು ವರ್ಷ ಕಿವಿಯಲ್ಲಿಟ್ಟುಕೊಂಡು ತಿರುಗಿದೆ. ಬೇಕೆಂದೇ ಹೆಚ್ಚು ನೀರು ಚೆಲ್ಲುತ್ತಿದ್ದೆ. ಅವಳು ಒಲೆಬೂದಿ ಸುರಿದು ಮೋರಿ ಕಟ್ಟಿಕೊಳ್ಳುವಂತೆ ಮಾಡುತ್ತಿದ್ದಳು, ನಾನು ಅದೇ ಬೂದಿಯನ್ನು ಬಾಚಿ ಅವಳ ಹೊಸಿಲಿಗೆ ಹಾಕುತ್ತಿದ್ದೆ. ಒಮ್ಮೆ ಅವಳಿಗೆ ಕೇಳಲೆಂದೇ ಜೋರಾಗಿ ಅಂದೆ: "ಗಂಡ್ಸಿಲ್ದ ಮನೆ ಕಣೇ, ಗೋಡೇನೇ ಅಳ್ತೈತೆ." ಹೆಂಡತಿಗೆ ಹೇಳುವಂತೆ ಹೇಳಿದ ಮಾತು. ಹೆಂಡತಿ ಅವತ್ತು ನನಗೆ ಊಟ ಬಡಿಸಲಿಲ್ಲ.

ಕೊನೆಗೆ ಅವಳು ನೀಲಿ ಪರೀಕ್ಷೆ ಕೇಳಿದಳು. ನಮ್ಮ ಕೇರಿಯಲ್ಲಿ ಮೋರಿ ಜಗಳಕ್ಕೆ ಅದೇ ನ್ಯಾಯ. ಬಟ್ಟೆಗೆ ಹಾಕುವ ನೀಲಿಯನ್ನು ಹಿರಿಯರು ಕೊಡಗಟ್ಟಲೆ ನೀರಿಗೆ ಕದಡಿ ಬಚ್ಚಲಿಗೆ ಸುರಿಸುತ್ತಾರೆ. ಗೋಡೆಯ ಬುಡ ಕೆದಕಿದಾಗ ನೀಲಿ ಕಂಡರೆ ಮೋರಿಯವನದೇ ತಪ್ಪು. ಒಂದೇ ಸಲ — ಎರಡನೇ ಸಲ ಯಾರೂ ಬರುವುದಿಲ್ಲ.

ಬೆಳಿಗ್ಗೆ ಅವಳು ಹಿರಿಯರನ್ನು ಕರೆತರಲು ಹೋದಳು. ಅಷ್ಟರಲ್ಲಿ ನಾನು ಚಪ್ಪಡಿ ಎತ್ತಿ, ಬಿರುಕಿಗೆ ಗೊಬ್ಬರದ ಚೀಲದ ಚೂರು ತುರುಕಿ, ಮೇಲೆ ಜೇಡಿಮಣ್ಣು ಮೆತ್ತಿದೆ. ಕೈ ತೊಳೆದು ಜಗಲಿಯಲ್ಲಿ ಕೂತೆ. ನೀಲಿ ನೀರು ನೆಟ್ಟಗೆ ಬೀದಿ ಚರಂಡಿಗೆ ಹೋಯಿತು. ಗೋಡೆಯ ಬುಡದ ಮಣ್ಣು ಒದ್ದೆಯಿತ್ತು, ನೀಲಿ ಇರಲಿಲ್ಲ.

ಹಾಗಾದರೆ ಅವಳ ತೊಟ್ಟಿಯೇ ಸೋರುತ್ತಿರಬೇಕು ಅಂದರು ಹಿರಿಯರು. ಅದೇ ಗೋಡೆಗೆ ಹಿತ್ತಲಲ್ಲಿ ಒರಗಿಸಿ ಕಟ್ಟಿದ್ದ ನೀರಿನ ತೊಟ್ಟಿ ಅದು, ಗಂಡ ಸಾಯುವ ಮುಂಚೆ ತಾನೇ ಕಟ್ಟಿಕೊಟ್ಟದ್ದು. ಒಡೆದುಬಿಡು ಅಂದರು. ಅವಳ ಬಳಿ ಹಾರೆ ಇರಲಿಲ್ಲ. ನಾನು — ನಾನು ಒಳಗೆ ಹೋಗಿ ನಮ್ಮ ಹಾರೆ ತಂದು ಕೊಟ್ಟೆ. ದೊಡ್ಡ ಮನಸ್ಸು ಅಂತ ಹಿರಿಯರು ನನ್ನನ್ನೇ ಹೊಗಳಿದರು.

ಅವಳು ಹಾರೆ ಹಿಡಿದಳು. ನನ್ನ ಕೈಯನ್ನೇ ನೋಡಿದಳು. ಮೆಲ್ಲಗೆ ಅಂದಳು: "ಉಗುರು ತೊಳ್ಕಳಪ್ಪಾ."

ಅಷ್ಟೇ. ಕೂಗಿ ತೋರಿಸಲಿಲ್ಲ, ಯಾಕೋ — ತೋರಿಸಿದ್ದರೂ ಅವತ್ತು ನಾನು ತೋಟದ ಮಣ್ಣು ಅನ್ನುತ್ತಿದ್ದೆ. ತೊಟ್ಟಿಯನ್ನು ಅವಳೇ ಒಡೆದಳು. ಹಾರೆಯನ್ನು ತಂದು ನಮ್ಮ ಮೋರಿಯ ಚಪ್ಪಡಿಯ ಮೇಲೆ, ಸರಿಯಾಗಿ ಆ ಜಾಯಿಂಟಿನ ಮೇಲೆ, ಎತ್ತಿ ಹಾಕಿ ಹೋದಳು.

ವಾರದಲ್ಲಿ ಜೇಡಿಮಣ್ಣು ಕರಗಿ, ಚೀಲದ ಚೂರಿನ ಸುತ್ತ ನೀರು ಮತ್ತೆ ಇಂಗತೊಡಗಿತು. ಆಗಲಾದರೂ ಒಂದು ಬಾಣಲೆ ಸಿಮೆಂಟ್ ಕಲಸಿ ಹಾಕಿದ್ದರೆ ಗೋಡೆ ಒಣಗುತ್ತಿತ್ತು. ತೊಟ್ಟಿಯದೇ ತಪ್ಪೆಂದು ಎಲ್ಲರೂ ನಂಬುತ್ತಿದ್ದರು, ನನ್ನ ಸುಳ್ಳೂ ಉಳಿಯುತ್ತಿತ್ತು. ಅದನ್ನೂ ಮಾಡಲಿಲ್ಲ. ಅವಳ ಗೋಡೆ ಒದ್ದೆಯಾಗಿಯೇ ಇರಲಿ ಅನ್ನಿಸಿತು. ಮುಂದಿನ ಮಳೆಗೆ ಗೂಡಿನ ಸಮೇತ ಗೋಡೆ ಕುಸಿಯಿತು. ಅವಳು ಸಖರಾಯಪಟ್ಟಣಕ್ಕೆ, ಅಣ್ಣನ ಮನೆಗೆ ಹೋದಳು. ತಿರುಗಿ ಬರಲಿಲ್ಲ.

ಹೋದ ತಿಂಗಳು ಮೋರಿಗೆ ಪೈಪ್ ಹಾಕಿಸುವಾಗ ಗಾರೆಯವನು ಆ ಚೀಲದ ಚೂರನ್ನು ಎಳೆದು ತೆಗೆದು, ಇದನ್ನು ಯಾರು ತುರುಕಿದ್ದು ಎಂದು ಕೇಳಿದ. ಗೊತ್ತಿಲ್ಲ ಅಂದೆ. ಈ ವಯಸ್ಸಿನಲ್ಲೂ, ಬಾಯಿಗೆ ಮೊದಲು ಬಂದದ್ದು ಅದೇ.

ಕಡೂರಿನವರೆಗೆ ಒಮ್ಮೆ ಹೋದೆ. ಸಖರಾಯಪಟ್ಟಣದ ಬಸ್ಸು ಎದುರಿಗೇ ನಿಂತಿತ್ತು. ಹತ್ತಲಿಲ್ಲ. ಅವಳ ಮೇಲಿನ ಸಿಟ್ಟು ಪೂರ್ತಿ ಹೋಗಿಲ್ಲ — ಅದನ್ನೂ ಮುಚ್ಚಿಡುವುದಿಲ್ಲ. ಆದರೆ ಸಿಟ್ಟು ಇಳಿಯಲಿ ಎಂದು ಕಾಯುವುದೂ ಇನ್ನೊಂದು ನೆಪ. ನೀಲಿ ಕದಡಿದ ಹಿರಿಯರಲ್ಲಿ ಒಬ್ಬರು ಇನ್ನೂ ಇದ್ದಾರೆ. ಮೊದಲು ಅವರಿಗೆ ಹೇಳುತ್ತೇನೆ, ಆಮೇಲೆ ಬಸ್ಸು ಹತ್ತುತ್ತೇನೆ.

ನಮ್ಮ ಮನೆಯಲ್ಲಿ ಇಷ್ಟು ವರ್ಷ ಅವಳನ್ನು 'ಆ ಮನೆಯವಳು' ಎಂದೇ ಕರೆದದ್ದು. ಇಲ್ಲಿಯೂ ಹೆಸರು ಹೇಳದೆಯೇ ಬರೆದುಕೊಂಡು ಬಂದೆ. ನಾನು ಯಾರಿಗೆ ಒಮ್ಮೆಯೂ ತಪ್ಪಾಯ್ತು ಎನ್ನಲಿಲ್ಲವೋ, ಅವಳ ಹೆಸರು ಹಾಲಮ್ಮ.